ನಾನಿಲ್ಲದ ಮೇಲೆ ನನ್ನ ಪಾಸ್‌ವರ್ಡ್‌ಗಳು ಮನೆಯವರಿಗೆ ಸಿಗುವುದು ಹೇಗೆ?

ಓದುಗರ ಪ್ರಶ್ನೆ: ಇಮೇಲ್, ಫೋಟೊ, ದಾಖಲೆ, ಲೆಕ್ಕಪತ್ರ ಎಲ್ಲವೂ ನನ್ನ ಫೋನ್ ಮತ್ತು ಲ್ಯಾಪ್‌ಟಾಪಿನಲ್ಲಿವೆ. ಪಾಸ್‌ವರ್ಡ್‌ಗಳನ್ನು ಈಗಲೇ ಯಾರಿಗೂ ಕೊಡುವ ಮನಸ್ಸಿಲ್ಲ. ಆದರೆ ನಾನು ಇದ್ದಕ್ಕಿದ್ದಂತೆ ತೀರಿಕೊಂಡರೆ ಹೆಂಡತಿ ಮಕ್ಕಳು ಪರದಾಡಬಾರದು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಲಕೋಟೆಯಲ್ಲಿಟ್ಟರೆ ಸಾಕೇ?

ಉತ್ತರ: ಲಕೋಟೆ ಬೇಕು. ಆದರೆ ಅದರೊಳಗೆ ಪಾಸ್‌ವರ್ಡ್‌ಗಳ ಪಟ್ಟಿ ಬೇಡ. ಪಟ್ಟಿ ಬರೆದ ದಿನದಿಂದಲೇ ಹಳತಾಗುತ್ತಾ ಹೋಗುತ್ತದೆ, ಯಾರ ಕೈಗಾದರೂ ಸಿಕ್ಕರೆ ಒಂದೇ ಏಟಿಗೆ ಎಲ್ಲವೂ ಹೋಗುತ್ತದೆ. ಪಾಸ್‌ವರ್ಡ್‌ಗಳೆಲ್ಲ ಒಂದು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿರಲಿ, ಅಂದರೆ ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಬೀಗದೊಳಗೆ ಇಡುವ ತಂತ್ರಾಂಶದಲ್ಲಿ. ಅದನ್ನು ತೆರೆಯುವ ದಾರಿ ಮಾತ್ರ ಲಕೋಟೆಯಲ್ಲಿರಲಿ.

ಮನೆಯವರು ಸಿಕ್ಕಿಹಾಕಿಕೊಳ್ಳುವುದು ಬಹಳ ಸಲ ಪಾಸ್‌ವರ್ಡ್ ಗೊತ್ತಿಲ್ಲದೆ ಅಲ್ಲ, ಒಟಿಪಿ ಬಾರದೆ. ಬಿಲ್ ಉಳಿಯಲಿ ಎಂದು ತೀರಿಕೊಂಡವರ ಸಿಮ್ ಅನ್ನು ಮೊದಲ ವಾರದಲ್ಲೇ ಬಂದ್ ಮಾಡಿಸುತ್ತಾರೆ. ಆಮೇಲೆ ಇಮೇಲ್ ತೆರೆಯಲು ಹೋದರೆ ಸಂಕೇತ ಹೋಗುವುದು ಅದೇ ಸತ್ತ ನಂಬರಿಗೆ. ಕೆಲಕಾಲದ ನಂತರ ಆ ನಂಬರ್ ಬೇರೆ ಯಾರದೋ ಪಾಲಾಗಲೂಬಹುದು. ಆದ್ದರಿಂದ ಹಾಳೆಯ ಮೊದಲ ಸಾಲಿನಲ್ಲೇ ಬರೆಯಿರಿ: ಎಲ್ಲ ಖಾತೆಗಳ ಕೆಲಸ ಮುಗಿಯುವ ತನಕ ಈ ಸಿಮ್ ನಿಲ್ಲಿಸಬೇಡಿ.

ಎರಡನೆಯ ಸಾಲು ಫೋನಿನ ಪಿನ್. ನಿಮ್ಮ ಹೆಂಡತಿಯ ಬೆರಳಚ್ಚನ್ನೂ ಫೋನಿಗೆ ಸೇರಿಸಿದ್ದೀರಿ ಎಂದು ಸುಮ್ಮನಾಗಬೇಡಿ. ಫೋನ್ ಒಮ್ಮೆ ಆಫ್ ಆಗಿ ಆನ್ ಆದರೆ ಬೆರಳಾಗಲಿ ಮುಖವಾಗಲಿ ನಡೆಯುವುದಿಲ್ಲ, ಪಿನ್ನೇ ಬೇಕು. ಐಫೋನ್ 48 ಗಂಟೆ ಲಾಕ್ ಆಗಿಯೇ ಇದ್ದರೂ ಪಾಸ್‌ಕೋಡ್ ಕೇಳುತ್ತದೆ. ಹತ್ತು ಸಲ ತಪ್ಪಿದರೆ ಎಲ್ಲವನ್ನೂ ಅಳಿಸಿಹಾಕುವ ಆಯ್ಕೆಯನ್ನು ನೀವು ಆನ್ ಮಾಡಿಟ್ಟಿದ್ದರೆ, ಹುಟ್ಟಿದ ದಿನ, ಮದುವೆಯ ದಿನ ಎಂದು ಮಕ್ಕಳು ಊಹಿಸುತ್ತಾ ಹೋದಂತೆ ಫೋಟೊಗಳೇ ಹೋಗಿಬಿಡಬಹುದು. ಸಿಮ್‌ಗೆ ಬೇರೆ ಪಿನ್ ಇದ್ದರೆ ಅದನ್ನೂ ಬರೆಯಿರಿ. ಮೂರು ಸಲ ತಪ್ಪಿದರೆ ಅದು ಪಿಯುಕೆ, ಅಂದರೆ ಸಿಮ್‌ನ ಬೀಗ ತೆಗೆಯುವ ಸಂಖ್ಯೆ ಕೇಳುತ್ತದೆ, ಆ ಪಿಯುಕೆ ಹತ್ತು ಸಲ ತಪ್ಪಿದರೆ ಸಿಮ್ ಮತ್ತೆ ಕೆಲಸಕ್ಕೆ ಬರುವುದಿಲ್ಲ.

ಫೋನೇ ಕಳೆದುಹೋದರೆ ಅಥವಾ ಅಪಘಾತದಲ್ಲಿ ಪುಡಿಯಾದರೆ? ಅದಕ್ಕಾಗಿ ಮುಖ್ಯ ಇಮೇಲ್‌ನ ಬ್ಯಾಕಪ್ ಕೋಡ್‌ಗಳನ್ನು (ಒಟಿಪಿ ಬದಲಿಗೆ ಬಳಸುವಂಥವು) ಲಕೋಟೆಗೆ ಸೇರಿಸಿ. ಗೂಗಲ್ ಎಂಟಂಕಿಯ 10 ಕೋಡ್ ಕೊಡುತ್ತದೆ. ಒಂದೊಂದು ಒಂದೇ ಸಲ ನಡೆಯುತ್ತದೆ. ಮುಂದೆ ಎಂದಾದರೂ ಹೊಸ ಕೋಡ್‌ಗಳನ್ನು ಪಡೆದರೆ ಲಕೋಟೆಯಲ್ಲಿರುವ ಹಳೆಯವು ಅಲ್ಲಿಗೇ ರದ್ದು. ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಕೂಡ ಬೇಕು.

ಇನ್ನು ಮ್ಯಾನೇಜರ್ ವಿಷಯ. ಈಗ ಕೊಡದೆ ಆಮೇಲೆ ಮಾತ್ರ ಸಿಗಬೇಕು ಎನ್ನುವ ನಿಮ್ಮ ಬೇಡಿಕೆಗೆ ಹತ್ತಿರವಾದದ್ದು ಬಿಟ್‌ವಾರ್ಡನ್‌ನಂಥವುಗಳಲ್ಲಿರುವ ತುರ್ತು ಪ್ರವೇಶದ ಸೌಲಭ್ಯ. ಇದಕ್ಕೆ ನಿಮ್ಮದು ಹಣ ಕಟ್ಟಿದ ಖಾತೆಯಾಗಿರಬೇಕು, ಹೆಂಡತಿಯದು ಉಚಿತದ್ದಾದರೂ ಸಾಕು. ಅವರು ಪ್ರವೇಶ ಕೋರಿದಾಗ ನಿಮಗೆ ಇಮೇಲ್ ಬರುತ್ತದೆ. ನೀವು ಗೊತ್ತುಮಾಡಿದ ದಿನಗಳೊಳಗೆ ಬೇಡ ಎನ್ನದಿದ್ದರೆ ಬಾಗಿಲು ತೆರೆಯುತ್ತದೆ. ಒಂದು ದಿನ ಇಟ್ಟರೆ, ನೀವು ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ತೆರೆದುಬಿಡುತ್ತದೆ. ಮೂರು ತಿಂಗಳು ಇಟ್ಟರೆ, ಕಟ್ಟಬೇಕಾದ ಬಿಲ್‌ಗಳ ಗಡುವೆಲ್ಲ ದಾಟಿರುತ್ತದೆ. 7 ದಿನ ಹದವಾದ ಅವಧಿ. ಜನ ತಪ್ಪುವುದು ಕೊನೆಯ ಹೆಜ್ಜೆಯಲ್ಲಿ: ನೀವು ಆಹ್ವಾನ ಕಳಿಸಬೇಕು, ಅವರು ಒಪ್ಪಬೇಕು, ಅದಾದ ಮೇಲೆ ನೀವು ಮತ್ತೊಮ್ಮೆ ಖಚಿತಪಡಿಸಬೇಕು. ಮೂರನೆಯದನ್ನು ಮರೆತರೆ ಏನೂ ಆಗಿಲ್ಲ ಎಂದೇ ಅರ್ಥ.

ಕೀಪಾಸ್‌ನಂಥ ಮ್ಯಾನೇಜರ್ ಬಳಸಿ ಪಾಸ್‌ವರ್ಡ್‌ಗಳ ಕಡತವನ್ನು ತಮ್ಮಲ್ಲೇ ಇಟ್ಟುಕೊಳ್ಳುವವರಿಗೆ ಈ ಸೌಲಭ್ಯವಿಲ್ಲ. ಆಗ ಕಡತದ ಪ್ರತಿ ಒಬ್ಬರ ಬಳಿ, ಅದರ ಪಾಸ್‌ವರ್ಡ್ ಇನ್ನೊಬ್ಬರ ಬಳಿ ಇರಲಿ. ಕೆಲವರು ಜಾಣತನ ಮಾಡಿ ಪಾಸ್‌ವರ್ಡನ್ನೇ ತುಂಡು ಮಾಡುತ್ತಾರೆ. ದಾಳ ಎಸೆದು 7,776 ಪದಗಳ ಪಟ್ಟಿಯಿಂದ ಆರು ಪದ ಆರಿಸಿ, ಮೂವರಿಗೆ ನಾಲ್ಕು ನಾಲ್ಕು ಪದಗಳಂತೆ ಹಂಚಿ, ಯಾವ ಇಬ್ಬರು ಸೇರಿದರೂ ಪೂರ್ತಿಯಾಗುವಂತೆ ಮಾಡುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ. ಒಬ್ಬೊಬ್ಬರಿಗೂ ಗೊತ್ತಿಲ್ಲದ್ದು ಎರಡೇ ಪದ, ಅಂದರೆ 7,776 ಗುಣಿಸು 7,776, ಸುಮಾರು 6 ಕೋಟಿ ಸಾಧ್ಯತೆ. ಕಡತ ಕೈಯಲ್ಲಿದ್ದರೆ ಅಷ್ಟನ್ನೂ ಒಂದೊಂದಾಗಿ ಪರೀಕ್ಷಿಸುವುದು ಕಂಪ್ಯೂಟರಿಗೆ ಆಗದ ಕೆಲಸವಲ್ಲ. ಇದಕ್ಕೆ ಸರಿಯಾದ ಗಣಿತವನ್ನು 1979ರಲ್ಲಿ ಗೂಢಲಿಪಿ ತಜ್ಞ ಆದಿ ಶಮೀರ್ ಕೊಟ್ಟರು. ಅವರ ವಿಧಾನದಲ್ಲಿ ಬೇಕಾದಷ್ಟು ಪಾಲು ಸೇರುವ ತನಕ ಗುಟ್ಟಿನ ಚೂರೂ ತಿಳಿಯದು. ಆದರೂ ಸಾಮಾನ್ಯ ಮನೆಗೆ ನಾವು ಅದನ್ನು ಹೇಳುವುದಿಲ್ಲ. ಪಾಲುಗಳನ್ನು ಕೂಡಿಸಲು ಬೇಕಾದ ತಂತ್ರಾಂಶವನ್ನು ದುಃಖದಲ್ಲಿರುವ ಮನೆಯವರು ಹುಡುಕಿ ನಡೆಸಬೇಕಾಗುತ್ತದೆ, ಅದು ಆಗುವ ಮಾತಲ್ಲ.

ಹಾಳೆಯನ್ನು ಕೈಯಲ್ಲೇ, ಬಾಲ್ ಪೆನ್ನಿನಲ್ಲಿ ಬರೆಯಿರಿ. ರಸೀದಿಯಂಥ ಥರ್ಮಲ್ ಕಾಗದದ ಅಕ್ಷರ ಮಾಸುತ್ತದೆ, ಇಂಕ್‌ಜೆಟ್ ಮುದ್ರಣ ನೀರು ತಾಗಿದರೆ ಕದಡುತ್ತದೆ. ಪೆನ್‌ಡ್ರೈವ್ ವರ್ಷಗಟ್ಟಲೆ ಬಿದ್ದಿದ್ದರೆ ಅದರಲ್ಲಿರುವುದು ಉಳಿದೀತೆಂಬ ಭರವಸೆಯಿಲ್ಲ. ಸೊನ್ನೆಗೆ ಅಡ್ಡಗೀಟು ಹಾಕಿ, ಇಲ್ಲದಿದ್ದರೆ ಅದನ್ನು ಇಂಗ್ಲಿಷಿನ ಓ ಎಂದು ಓದುತ್ತಾರೆ. ಒಂದು (1) ಎಂಬ ಅಂಕಿಯನ್ನೂ ಇಂಗ್ಲಿಷಿನ ಸಣ್ಣ ಎಲ್ (l) ಅಕ್ಷರವನ್ನೂ ಬೇರೆಬೇರೆ ಕಾಣುವಂತೆ ಬರೆಯಿರಿ. ಪದಗಳ ನಡುವೆ ಜಾಗ ಬಿಡಬೇಕೋ ಬಿಡಬಾರದೋ, ಮೊದಲ ಅಕ್ಷರ ದೊಡ್ಡದೋ ಸಣ್ಣದೋ ಎನ್ನುವುದನ್ನು ಪಕ್ಕದಲ್ಲೇ ಹೇಳಿ. ಇದನ್ನೆಲ್ಲ ಉಯಿಲಿನಲ್ಲಂತೂ ಬರೆಯಬೇಡಿ. ಅನೇಕ ದೇಶಗಳಲ್ಲಿ ಉಯಿಲು ನ್ಯಾಯಾಲಯಕ್ಕೆ ಹೋದ ಮೇಲೆ ಸಾರ್ವಜನಿಕ ದಾಖಲೆಯಾಗುತ್ತದೆ.

ಕಂಪನಿಗಳ ಸೌಲಭ್ಯಗಳನ್ನೂ ತುಂಬಿಡಿ, ಆದರೆ ಅವುಗಳ ಮಿತಿ ತಿಳಿದಿರಿ. ಗೂಗಲ್‌ನ ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್‌ನಲ್ಲಿ (ಬಳಕೆ ನಿಂತ ಖಾತೆಯನ್ನು ಏನು ಮಾಡಬೇಕೆಂದು ಮೊದಲೇ ಹೇಳಿಡುವ ಸೌಲಭ್ಯ) 10 ಜನರ ತನಕ ಹೆಸರಿಸಬಹುದು, ಖಾತೆ ಬಳಕೆಯಿಲ್ಲದೆ ಕನಿಷ್ಠ 3 ತಿಂಗಳಾದ ಮೇಲೆಯೇ ಅವರಿಗೆ ತಿಳಿಸುತ್ತದೆ. ಆಂಡ್ರಾಯ್ಡ್ ಫೋನ್ ಆನ್ ಆಗಿ ಗೂಗಲ್ ಜೊತೆ ಸಂಪರ್ಕದಲ್ಲಿದ್ದರೆ ಅದೂ ಬಳಕೆಯೆಂದೇ ಲೆಕ್ಕ. ಮನೆಯವರು ಫೋನ್ ಚಾರ್ಜ್ ಮಾಡುತ್ತಲೇ ಇದ್ದರೆ ಈ ಗಡಿಯಾರ ಓಡುವುದೇ ಇಲ್ಲ. ಆಪಲ್‌ನ ಲೆಗಸಿ ಕಾಂಟ್ಯಾಕ್ಟ್, ಅಂದರೆ ನಿಮ್ಮ ನಂತರ ಖಾತೆ ತೆರೆಯಬಲ್ಲವರು ಎಂದು 5 ಜನರ ತನಕ ಹೆಸರಿಸಬಹುದು. ಅವರಿಗೆ ನೀವು ಹೆಸರಿಸಿದಾಗ ಆಪಲ್ ಕೊಡುವ ಪ್ರವೇಶ ಕೀ, ಮರಣ ಪ್ರಮಾಣಪತ್ರ ಎರಡೂ ಬೇಕು. ಫೋಟೊ, ಟಿಪ್ಪಣಿ ಸಿಗುತ್ತವೆ, ಕೀಚೈನ್‌ನಲ್ಲಿರುವ (ಆಪಲ್‌ನದೇ ಪಾಸ್‌ವರ್ಡ್ ಸಂಗ್ರಹ) ಪಾಸ್‌ವರ್ಡ್‌ಗಳು ಸಿಗುವುದಿಲ್ಲ. ಈ ಕೋರಿಕೆಯನ್ನು ಆಪಲ್ ಒಪ್ಪಿದ ಮೂರು ವರ್ಷದ ನಂತರ ಖಾತೆ ಅಳಿಸಿಹೋಗುತ್ತದೆ. ಫೇಸ್‌ಬುಕ್‌ನಲ್ಲಿ ಹೆಸರಿಸಿದವರು ಪುಟ ನೋಡಿಕೊಳ್ಳಬಹುದು, ಸಂದೇಶ ಓದುವಂತಿಲ್ಲ.

ಬ್ಯಾಂಕಿನ ಪಾಸ್‌ವರ್ಡ್ ಬರೆಯಬೇಡಿ. ಯಾವ ಬ್ಯಾಂಕು, ಯಾವ ವಿಮೆ, ಯಾವ ಸಾಲ ಎನ್ನುವ ಪಟ್ಟಿ ಸಾಕು. ತೀರಿಕೊಂಡವರ ಹೆಸರಿನಲ್ಲಿ ಲಾಗಿನ್ ಆಗಿ ಹಣ ಎತ್ತಿದರೆ ಹೆಂಡತಿ ಮಕ್ಕಳೇ ತಕರಾರಿಗೆ ಸಿಲುಕುತ್ತಾರೆ. ಆ ಹಣ ವಾರಸುದಾರಿಕೆಯ ದಾರಿಯಲ್ಲೇ ಬರಬೇಕು. ಕ್ರಿಪ್ಟೊ ಹಣ ಇದ್ದರೆ ಮಾತ್ರ ಅದರ ವಾಲೆಟ್ಟನ್ನು ಮರಳಿ ತೆರೆಯುವ 12 ಅಥವಾ 24 ಪದಗಳನ್ನು ಬಿಟ್ಟುಹೋಗಲೇಬೇಕು. ಅದು ಕಳೆದರೆ ಮತ್ತೆ ಕೊಡುವವರು ಯಾರೂ ಇಲ್ಲ.

ಬರೆದಾದ ಮೇಲೆ ನೀವು ಸುಮ್ಮನೆ ಪಕ್ಕದಲ್ಲಿ ಕುಳಿತು, ಹಾಳೆ ನೋಡಿಕೊಂಡೇ ಫೋನ್ ತೆರೆಯಲು ಹೆಂಡತಿಗೆ ಹೇಳಿ. ಎಲ್ಲಿ ಅವರು ನಿಮ್ಮ ಮುಖ ನೋಡುತ್ತಾರೋ ಆ ಸಾಲನ್ನು ತಿದ್ದಿ. ಆಗ ಅವರ ಕಣ್ಣಿಗೆ ಬಿದ್ದ ಪಿನ್ ನಿಮಗೆ ಇರಿಸುಮುರಿಸಾದರೆ ಬದಲಿಸಿ, ಹಾಳೆಯಲ್ಲೂ ಬದಲಿಸಿ, ತಾರೀಖು ಹಾಕಿ ಲಕೋಟೆ ಅಂಟಿಸಿ. ಆರು ತಿಂಗಳಿಗೊಮ್ಮೆ ಹೊಸ ಹಾಳೆ ಬರೆದಾಗ ಹಳೆಯದನ್ನು ಸುಟ್ಟುಹಾಕಿ. ಎರಡು ಹಾಳೆ ಉಳಿದರೆ ಯಾವುದು ಸರಿ ಎಂದು ತಿಳಿಯದೆ, ಇರುವ ಅವಕಾಶ ಹಳೆಯ ಪಿನ್‌ಗೇ ಹೋಗಿಬಿಡಬಹುದು.