ಸೈಟಿನ ಮೂಲೆಯ ಜೌಗಿಗೆ ಸೈನ್ಯದ ಪರ್ಮಿಟ್ ಯಾಕೆ?

ಅಮೆರಿಕದಲ್ಲಿ ನೀವು ಕೊಂಡ ಸೈಟಿನ ಒಂದು ಮೂಲೆ ಸದಾ ಒದ್ದೆ ಅಂದುಕೊಳ್ಳಿ. ಕಾಲಿಟ್ಟರೆ ಕೆಸರು, ಸುತ್ತ ಜೊಂಡು ಹುಲ್ಲು. ನಾಲ್ಕು ಲೋಡು ಮಣ್ಣು ಹೊಡೆಸಿ ಸಮ ಮಾಡೋಣ ಅನ್ನಿಸುವುದು ಸಹಜ. ಆದರೆ ಹಾಗೆ ಮಣ್ಣು ಹೊಡೆಸಲು ಎಷ್ಟೋ ಕಡೆ ಕೇಂದ್ರ ಸರ್ಕಾರದ ಪರ್ಮಿಟ್ ಬೇಕು. ಅದನ್ನು ಕೊಡುವುದು ಸೈನ್ಯದ ಎಂಜಿನಿಯರ್ ದಳ, ಅಂದರೆ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್. ಮನೆ ಕಟ್ಟುವವರಿಗೂ ಸೈನ್ಯಕ್ಕೂ ಎಲ್ಲಿಯ ನಂಟು?

ನಂಟು ಶುರುವಾದದ್ದು ಹಡಗುಗಳಿಂದ. ನದಿಗಳಲ್ಲಿ ಸಿಕ್ಕಿಕೊಂಡ ಮರದ ದಿಮ್ಮಿ ತೆಗೆದು, ಹೂಳೆತ್ತಿ, ಹಡಗಿಗೆ ದಾರಿ ಮಾಡಿಕೊಡುವ ಕೆಲಸ 1820ರ ದಶಕದಿಂದಲೂ ಈ ದಳದ್ದೇ. 1899ರಲ್ಲಿ ನದಿ ಮತ್ತು ಬಂದರು ಕಾಯ್ದೆ ಬಂತು. ಹಡಗು ಓಡಾಡುವ ನೀರಿನಲ್ಲಿ ಕಟ್ಟೆ, ಧಕ್ಕೆ ಏನೇ ಕಟ್ಟುವುದಿದ್ದರೂ, ಮಣ್ಣು ತುಂಬುವುದಿದ್ದರೂ ಸೈನ್ಯದ ಒಪ್ಪಿಗೆ ಬೇಕು ಅಂದಿತು. ಅದರ 10ನೇ ಸೆಕ್ಷನ್ ಇಂದಿಗೂ ಜಾರಿಯಲ್ಲಿದೆ. ಆಗ ಚಿಂತೆ ಇದ್ದದ್ದು ಸರಕು ಸಾಗಾಟದ್ದು. ಮೀನು, ಕೊಕ್ಕರೆ, ಕುಡಿಯುವ ನೀರಿನ ಮಾತೇ ಇರಲಿಲ್ಲ.

ಜೌಗಿನ ವಿಷಯದಲ್ಲಂತೂ ಸರ್ಕಾರ ನಡೆದದ್ದೇ ಉಲ್ಟಾ ದಾರಿಯಲ್ಲಿ. 1849, 1850 ಮತ್ತು 1860ರ ಕಾಯ್ದೆಗಳಲ್ಲಿ ಜೌಗು ಭೂಮಿಯನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ಕಾಲುವೆ ತೋಡಿ ನೀರು ಬಸಿದು ಬೇಸಾಯಕ್ಕೆ ಹದ ಮಾಡಲಿ ಎಂಬುದು ಉದ್ದೇಶ. ಜೌಗು ಎಂದರೆ ಸೊಳ್ಳೆ, ಜ್ವರ, ಪಾಳು ಜಾಗ ಎಂದೇ ಜನ ನಂಬಿದ್ದರು. ಇದರ ಫಲ ಏನಾಯಿತು ನೋಡಿ. ಅಲಾಸ್ಕ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ 1780ರ ದಶಕದಲ್ಲಿ ಸುಮಾರು 22 ಕೋಟಿ ಎಕರೆ ಜೌಗು ಇತ್ತು ಎಂದು ಸರ್ಕಾರದ ತಜ್ಞರೇ ಅಂದಾಜು ಮಾಡಿದ್ದಾರೆ. 1980ರ ದಶಕಕ್ಕೆ ಉಳಿದದ್ದು ಸುಮಾರು 10.4 ಕೋಟಿ. ಕ್ಯಾಲಿಫೋರ್ನಿಯಾ ಒಂದರಲ್ಲೇ ನೂರಕ್ಕೆ 91ರಷ್ಟು ಹೋಯಿತು. ನೆರೆಯ ನೀರನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುವ, ಕೊಳೆಯನ್ನು ಸೋಸುವ ಜಾಗ ಅದು. ಕೆರೆ ಅಂಗಳಕ್ಕೆ ಮಣ್ಣು ತುಂಬಿಸಿ ಬಡಾವಣೆ ಮಾಡಿದರೆ ಮಳೆ ನೀರು ಎಲ್ಲಿಗೆ ನುಗ್ಗುತ್ತದೆ ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

1960ರ ದಶಕದ ಕೊನೆಗೆ ಗಾಳಿ ತಿರುಗಿತು. ಫ್ಲೋರಿಡಾದ ಬೊಕಾ ಸಿಯೆಗಾ ಕೊಲ್ಲಿಯಲ್ಲಿ ಇಬ್ಬರು ತಮ್ಮ ಹನ್ನೊಂದೂವರೆ ಎಕರೆಗೆ ಮಣ್ಣು ತುಂಬಿ ಟ್ರೈಲರ್ ಮನೆಗಳ ಪಾರ್ಕ್ ಮಾಡಲು ಹೊರಟರು. ಹಡಗಿಗೆ ಅದರಿಂದ ಅಡ್ಡಿಯೇನೂ ಇರಲಿಲ್ಲ. ಆದರೂ ಮೀನು ಮತ್ತು ಇತರ ಜೀವಿಗಳಿಗೆ ಹಾನಿ ಎಂದು ಸೈನ್ಯ ಪರ್ಮಿಟ್ ಕೊಡಲಿಲ್ಲ. 1970ರಲ್ಲಿ ಮೇಲ್ಮನವಿ ಕೋರ್ಟು ಸೈನ್ಯದ ಪರ ನಿಂತಿತು. ನನ್ನ ಮಟ್ಟಿಗೆ ಈ ಕಥೆಯ ದೊಡ್ಡ ತಿರುವು ಇದೇ. ಎಪ್ಪತ್ತು ವರ್ಷದ ಹಳೇ ಹಡಗು ಕಾಯ್ದೆ ಮೊದಲ ಸಲ ಮೀನಿನ ನೆರವಿಗೆ ಬಂದಿತ್ತು.

ಅದಕ್ಕೂ ಒಂದು ವರ್ಷ ಮೊದಲು, 1969ರ ಜೂನ್‌ನಲ್ಲಿ, ಕ್ಲೀವ್‌ಲ್ಯಾಂಡ್‌ನ ಕಯಹೋಗಾ ನದಿಯ ಮೇಲೆ ತೇಲುತ್ತಿದ್ದ ಎಣ್ಣೆ, ಕಸಕ್ಕೆ ಬೆಂಕಿ ಹತ್ತಿತ್ತು. ನದಿಗೇ ಬೆಂಕಿ! 1972ರಲ್ಲಿ ಶುದ್ಧ ನೀರಿನ ಕಾಯ್ದೆ ಬಂತು. ಅಧ್ಯಕ್ಷ ನಿಕ್ಸನ್ ತಡೆಯೊಡ್ಡಿದರೂ ಸಂಸತ್ತು ಅದನ್ನು ಮೀರಿ ಪಾಸು ಮಾಡಿತು. ನೀರಿಗೆ ಮಣ್ಣು ತುಂಬಲು ಒಪ್ಪಿಗೆ ಬೇಕೆನ್ನುವ ಅದರ 404ನೇ ಸೆಕ್ಷನ್ನೇ ಇವತ್ತಿನ ಪರ್ಮಿಟ್‌ನ ಬೇರು. ಪರ್ಮಿಟ್ ಕೊಡುವುದು ಸೈನ್ಯ. ಅದನ್ನು ತಡೆಯುವ ಅಧಿಕಾರ ಪರಿಸರ ಸಂರಕ್ಷಣಾ ಸಂಸ್ಥೆಗೆ, ಅಂದರೆ ಇಪಿಎಗೆ. ಅಲಾಸ್ಕದ ಬ್ರಿಸ್ಟಲ್ ಕೊಲ್ಲಿಯ ಸಾಲ್ಮನ್ ಮೀನುಗಳ ನೆಲೆ ಉಳಿಸಲು 2023ರ ಜನವರಿಯಲ್ಲಿ ಪೆಬಲ್ ಎಂಬ ಗಣಿ ಯೋಜನೆಯನ್ನು ಅದು ತಡೆದದ್ದು ಹೀಗೆಯೇ.

ಕಾಯ್ದೆಯಲ್ಲಿ ಒಂದು ಮಾತು ಮಾತ್ರ ಬಿಡಿಸಿರಲಿಲ್ಲ. ಅದು ‘ಅಮೆರಿಕದ ನೀರು’ ಅಂದಿತು, ಅಷ್ಟೇ. ಆ ನೀರು ಎಲ್ಲಿಗೆ ಮುಗಿಯುತ್ತದೆ? ಹಡಗು ಹೋಗುವಷ್ಟೇ ಅಂದುಕೊಂಡು ಸೈನ್ಯ ಸುಮ್ನೆ ಕೂತಿತ್ತು. 1975ರಲ್ಲಿ ಕೋರ್ಟು ಹಾಗಲ್ಲ, ಇನ್ನೂ ಹಿಗ್ಗಿಸಿ ಎಂದಿತು. 1977ರಲ್ಲಿ ಸಂಸತ್ತು ಮಾಮೂಲಿ ಬೇಸಾಯಕ್ಕೆ ವಿನಾಯಿತಿ ಕೊಟ್ಟಿತು. ಸಣ್ಣಪುಟ್ಟ ಕೆಲಸಗಳಿಗೆ ಸುಲಭದ ಸಾಮಾನ್ಯ ಪರ್ಮಿಟ್ ತಂದಿತು. ಬೇಕಾದರೆ ರಾಜ್ಯಗಳೇ ಈ ಹೊಣೆ ಹೊರಬಹುದು ಎಂದೂ ಹೇಳಿತು. ಮಿಷಿಗನ್ ಮತ್ತು ನ್ಯೂಜೆರ್ಸಿ ಹಾಗೆ ಹೊತ್ತುಕೊಂಡವು. ನ್ಯೂಜೆರ್ಸಿಯಲ್ಲಿ ಮನೆ ಮಾಡಿರುವ ಕನ್ನಡಿಗರು ಹೆಚ್ಚಿನ ಕಡೆ ರಾಜ್ಯದ ಕಚೇರಿಗೇ ಹೋಗಬೇಕು.

ಜೌಗು ಯಾವುದು ಅಂತ ಗುರುತಿಸಲು ಸೈನ್ಯ 1987ರಲ್ಲಿ ಒಂದು ಕೈಪಿಡಿ ಮಾಡಿತು. ನೋಡುವುದು ಮೂರನ್ನು: ನೀರು, ಮಣ್ಣು, ಗಿಡ. ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಮಣ್ಣಿನ ಬಣ್ಣ ಮತ್ತು ಬೆಳೆದ ಗಿಡಗಳು ಗುಟ್ಟು ಬಿಟ್ಟುಕೊಡುತ್ತವೆ.

ಇನ್ನು ಸುಪ್ರೀಂ ಕೋರ್ಟಿನ ಕಥೆ. 1985ರಲ್ಲಿ ಅದು ನದಿ, ಕೆರೆಗೆ ಅಂಟಿದ ಜೌಗೂ ಕಾಯ್ದೆಯೊಳಗೆ ಎಂದು ಒಮ್ಮತದಿಂದ ಹೇಳಿತು. 2001ರಲ್ಲಿ ಇಲಿನಾಯ್‌ನ ಹಳೇ ಜಲ್ಲಿ ಗುಂಡಿಗಳ ಕೇಸು ಬಂತು. ವಲಸೆ ಹಕ್ಕಿ ಬಂದು ಕೂರುತ್ತದೆ ಎಂಬ ಒಂದೇ ಕಾರಣ ಸಾಲದು ಎಂದಿತು. ಯಾವ ಜೌಗು ಕಾಯ್ದೆಯೊಳಗೆ ಎಂದು ತೀರ್ಮಾನಿಸುವ ಯಾವ ಅಳತೆಗೂ 2006ರ ಇನ್ನೊಂದು ಕೇಸಿನಲ್ಲಿ ಬಹುಮತ ಸಿಗಲಿಲ್ಲ. ಜೌಗಿನ ನೀರು ಮೇಲ್ಗಡೆಯೇ ಹೊಳೆ, ಕೆರೆಯ ನೀರಿನ ಜೊತೆ ಕಡಿಯದೆ ಕೂಡಿರಬೇಕು ಎಂದು ನ್ಯಾಯಮೂರ್ತಿ ಸ್ಕಾಲಿಯಾ ಮತ್ತು ಇತರ ಮೂವರು ಹೇಳಿದರು. ಹೊಳೆಯ ಮೇಲೆ ಗಮನಾರ್ಹ ಪರಿಣಾಮ ಇದ್ದರೆ ಸಾಕು ಎಂದು ನ್ಯಾಯಮೂರ್ತಿ ಕೆನಡಿ ಒಬ್ಬರೇ ಹೇಳಿದರು. ಸಾಮಾನ್ಯ ಪರ್ಮಿಟ್ ಸಾಲದೆ ಬೇರೆಯಾಗಿ ಪಡೆಯಬೇಕಾದ ಪ್ರತ್ಯೇಕ ಪರ್ಮಿಟ್ ಒಂದಕ್ಕೆ ಸರಾಸರಿ 788 ದಿನ, 2,71,596 ಡಾಲರ್ ಹಿಡಿಯುತ್ತದೆ ಎಂಬ ಲೆಕ್ಕವನ್ನೂ ಸ್ಕಾಲಿಯಾ ಮುಂದಿಟ್ಟರು. ಸಾಮಾನ್ಯ ಮನೆಯವರಿಗೆ ಅದು ಹೊರಲಾಗದ ಹೊರೆ, ಒಪ್ಪಲೇಬೇಕು.

ಅಂಥ ಒಂದು ಕುಟುಂಬ, ಸ್ಯಾಕೆಟ್ ಕುಟುಂಬ, ಐಡಹೋ ರಾಜ್ಯದ ಪ್ರೀಸ್ಟ್ ಸರೋವರದ ಬಳಿ ಸೈಟು ಕೊಂಡಿತ್ತು. ಜಲ್ಲಿ ತುಂಬಿಸಲು ಶುರು ಮಾಡಿದಾಗ, ತೆಗೆಯಿರಿ, ಇಲ್ಲವಾದರೆ ದಿನಕ್ಕೆ 40,000 ಡಾಲರಿಗೂ ಜಾಸ್ತಿ ದಂಡ ಬೀಳಬಹುದು ಎಂದು ಇಪಿಎ ಎಚ್ಚರಿಸಿತು. ಕೇಸು 2023ರ ಮೇ 25ರವರೆಗೂ ಎಳೆಯಿತು. ಸ್ಯಾಕೆಟ್ ತೀರ್ಪು ಎಂದು ಹೆಸರಾದದ್ದು ಇದೇ. ಕುಟುಂಬ ಗೆದ್ದದ್ದು ಒಮ್ಮತದಿಂದ. ಆದರೆ ಮೇಲ್ಗಡೆ ನೀರು ಕೂಡಿರಲೇಬೇಕು ಎಂಬ ಅಳತೆಗೆ ಸಿಕ್ಕಿದ್ದು 5–4ರ ಬಹುಮತ ಮಾತ್ರ. ಮಿಸಿಸಿಪ್ಪಿ ನದಿಯ ಏರಿಯ ಆಚೆಗಿರುವ ಜೌಗು ಇದರಿಂದ ಕಾಯ್ದೆಯ ಹೊರಗೆ ಬೀಳುತ್ತದೆ ಎಂದು ನ್ಯಾಯಮೂರ್ತಿ ಕ್ಯಾವನಾ ಎಚ್ಚರಿಸಿದರು. ನನಗೆ ಅವರ ಮಾತೇ ಸರಿ ಅನ್ನಿಸುತ್ತದೆ. ನೀರು ಮಣ್ಣಿನಡಿಯಲ್ಲೂ ಹರಿಯುತ್ತದೆ. ನೆರೆ ಬಂದಾಗ ಅದು ಏರಿ ಕಂಡು ನಿಲ್ಲುವುದಿಲ್ಲ.

ತೀರ್ಪಿನ ಮರುವರ್ಷವೇ ಕೊಲೊರಾಡೊ ತನ್ನದೇ ಕಾಯ್ದೆ ಮಾಡಿ, ಹೊರಗುಳಿದ ಜೌಗನ್ನು ಮತ್ತೆ ಒಳಗೆ ತಂದಿತು. ಎಷ್ಟೋ ರಾಜ್ಯಗಳಲ್ಲಿ ಅಂಥ ಕಾಯ್ದೆ ಇಲ್ಲ. ಸೈಟು ಕೊಳ್ಳುವವರು ಮೊದಲೇ ಸೈನ್ಯದ ಜಿಲ್ಲಾ ಕಚೇರಿಗೆ ಅರ್ಜಿ ಹಾಕಿ, ಈ ಜಾಗ ಕಾಯ್ದೆಯ ಒಳಗೋ ಹೊರಗೋ ಎಂದು ಬರೆಸಿಕೊಳ್ಳಬಹುದು. ಆ ಪತ್ರ ಸಾಮಾನ್ಯವಾಗಿ 5 ವರ್ಷ ನಡೆಯುತ್ತದೆ.