ಸಿಂಗಪುರದ ಚೈಮ್ಸ್ ಮೊದಲು ಏನಾಗಿತ್ತು?

ಓದುಗರ ಪ್ರಶ್ನೆ: ಸಿಂಗಪುರಕ್ಕೆ ಹೋದಾಗ ಚೈಮ್ಸ್ ಅನ್ನುವ ಜಾಗ ನೋಡಿದೆವು. ಸುತ್ತ ಹೋಟೆಲ್, ಬಾರ್. ನಡುವೆ ಚರ್ಚ್ ತರಹದ ಬಿಳಿ ಕಟ್ಟಡ, ಅದರೊಳಗೆ ಯಾರದೋ ಮದುವೆ ಪಾರ್ಟಿ. ಇದು ಚರ್ಚಾ, ಶಾಲೆಯಾ, ಮಾಲಾ?

ಇದು ಮೊದಲು ಕಾನ್ವೆಂಟ್ ಆಗಿತ್ತು. ನಮ್ಮಲ್ಲಿ ಕಾನ್ವೆಂಟ್ ಅಂದ್ರೆ ಇಂಗ್ಲಿಷ್ ಮೀಡಿಯಂ ಶಾಲೆ ಅಂತಲೇ ಅರ್ಥ ಆಗಿಬಿಟ್ಟಿದೆ. ಬೀದಿ ಕೊನೆಯ ಎರಡು ರೂಮಿನ ನರ್ಸರಿಯನ್ನೂ ಕಾನ್ವೆಂಟ್ ಅಂತೀವಿ, ಅಲ್ವಾ? ಆದರೆ ಆ ಮಾತಿನ ಮೂಲ ಅರ್ಥ ಸಿಸ್ಟರ್‌ಗಳು ಇರುವ ಮಠ. ಚೈಮ್ಸ್‌ನಲ್ಲಿ ಮಠ, ಶಾಲೆ, ಅನಾಥಾಲಯ, ಪ್ರಾರ್ಥನೆಯ ಚಾಪೆಲ್ ಎಲ್ಲವೂ ಒಂದೇ ಕಾಂಪೌಂಡಿನಲ್ಲಿ ಇದ್ದವು. ಅದೂ 129 ವರ್ಷ.

ಹೆಸರಿನಲ್ಲೇ ಗುರುತು ಉಳಿದಿದೆ. ಕಾನ್ವೆಂಟ್ ಆಫ್ ದಿ ಹೋಲಿ ಇನ್‌ಫಂಟ್ ಜೀಸಸ್, ಅಂದರೆ ಬಾಲಯೇಸುವಿನ ಕಾನ್ವೆಂಟ್. ಅದನ್ನು ಅಲ್ಲಿನವರು ಸಿ ಎಚ್ ಐ ಜೆ ಅಂತ ಚಿಕ್ಕದಾಗಿ ಕರೆಯುತ್ತಾರೆ. ಆ ನಾಲ್ಕು ಇಂಗ್ಲಿಷ್ ಅಕ್ಷರಗಳಿಗೇ (CHIJ) MES ಎಂಬ ಬಾಲ ಸೇರಿಸಿ ಚೈಮ್ಸ್ (CHIJMES) ಮಾಡಿದ್ದಾರೆ.

ಕಾಂಪೌಂಡಿನಲ್ಲಿ ಎಲ್ಲಕ್ಕಿಂತ ಹಳೆಯದು ಕಾಲ್ಡ್‌ವೆಲ್ ಹೌಸ್. ಗೋಡೆ ಅರ್ಧಚಂದ್ರದ ಹಾಗೆ ಮುಂದಕ್ಕೆ ಉಬ್ಬಿಕೊಂಡಿರುವ ಮನೆ. 1840-41ರಲ್ಲಿ ಜಾರ್ಜ್ ಕೋಲ್‌ಮನ್ ಎಂಬ ವಾಸ್ತುಶಿಲ್ಪಿ ಇದನ್ನು ಕಟ್ಟಿದ್ದು ಕಾಲ್ಡ್‌ವೆಲ್ ಎಂಬ ಗುಮಾಸ್ತರಿಗಾಗಿ. 1852ರಲ್ಲಿ ಫ್ರೆಂಚ್ ಪಾದ್ರಿ ಜಾನ್ ಮರಿ ಬ್ಯೂರೆಲ್ ಇದನ್ನು ಸಿಸ್ಟರ್‌ಗಳಿಗೆ ಅಂತ ಕೊಂಡರು. 1854ರ ಫೆಬ್ರವರಿಯಲ್ಲಿ ಈಗಿನ ಮಲೇಷ್ಯಾದ ಪೆನಾಂಗ್‌ನಿಂದ ನಾಲ್ವರು ಸಿಸ್ಟರ್‌ಗಳು ಬಂದಿಳಿದರು. ಮುಂದಾಳು ಮದರ್ ಮತಿಲ್ಡ್ ರಾಕ್ಲೋ. ಎರಡು ವಾರ ಕಳೆಯುವ ಮೊದಲೇ ಪಾಠ ಶುರು ಮಾಡಿದರು. ಫೀಸು ಕೊಡುವ ಮಕ್ಕಳಿಗೆ ಒಂದು ತರಗತಿ, ಅನಾಥ ಮಕ್ಕಳಿಗೆ ಇನ್ನೊಂದು. (ಅದೇ 1854ರಲ್ಲೇ ಗುಡ್ ಶೆಫರ್ಡ್ ಸಿಸ್ಟರ್‌ಗಳು ಫ್ರಾನ್ಸಿನಿಂದ ಬೆಂಗಳೂರಿಗೂ ಬಂದರು. ಅವರದು ಬೇರೆ ಪಂಗಡ. ಆದರೂ ಅದು ಎಂಥ ಕಾಲ ಇರಬೇಕು ಅಂತ ನನಗೆ ಪ್ರತಿ ಸಲ ಅನಿಸುತ್ತದೆ. ಭಾಷೆ ಗೊತ್ತಿಲ್ಲದ ಊರಿಗೆ ಹಡಗಿನಲ್ಲಿ ಬಂದು, ಬಂದ ವಾರಗಳಲ್ಲೇ ಶಾಲೆ ತೆರೆಯುವುದು!)

ಈಗ ಆ ಬಾಗಿಲಿನ ವಿಷಯ ಹೇಳಬೇಕು. ಚೈಮ್ಸ್‌ಗೆ ಹೋದವರು ಜಾಸ್ತಿ ಜನ ಅದನ್ನು ನೋಡದೆ ಬರುತ್ತಾರೆ. ವಿಕ್ಟೋರಿಯಾ ಸ್ಟ್ರೀಟ್ ಮತ್ತು ಬ್ರಾಸ್ ಬಸಾ ರೋಡ್ ಸೇರುವ ಕಡೆ ಗೋಡೆಯಲ್ಲಿ ಒಂದು ಪುಟ್ಟ ಬಾಗಿಲಿದೆ. ಅದಕ್ಕೆ 'ಭರವಸೆಯ ಬಾಗಿಲು' ಎಂದು ಹೆಸರು. ಸಾಕಲಾಗದವರು ಹಸುಗೂಸನ್ನು ಬುಟ್ಟಿಯಲ್ಲಿಟ್ಟು ಅಲ್ಲಿ ಬಿಟ್ಟು ಹೋಗುತ್ತಿದ್ದರು. ಸಿಸ್ಟರ್‌ಗಳು ಎತ್ತಿಕೊಂಡು ಒಳಗೆ ಒಯ್ಯುತ್ತಿದ್ದರು. ಬಡತನ, ಕಾಯಿಲೆ, ಮತ್ತೆ ಹೆಣ್ಣು ಮಗು ಎಂಬ ಒಂದೇ ಕಾರಣಕ್ಕೂ ಬಿಡುತ್ತಿದ್ದರು. ಚೀನೀ ಪಂಚಾಂಗದಲ್ಲಿ ಹುಲಿ ವರ್ಷ ಅಂತ ಒಂದಿದೆ, ಹನ್ನೆರಡು ವರ್ಷಕ್ಕೊಮ್ಮೆ ಬರುತ್ತದೆ. ಆ ವರ್ಷ ಹುಟ್ಟಿದ ಹೆಣ್ಣು ಮನೆಗೆ ಕೇಡು ಎಂಬ ನಂಬಿಕೆ ಇತ್ತು. ಹಾಗಾಗಿ ಆ ಮಕ್ಕಳೂ ಈ ಬಾಗಿಲಿಗೆ ಬಂದವು. ಇದು ನಮಗೆ ದೂರದ ಮಾತೇನಲ್ಲ. ಮೂಲಾ ನಕ್ಷತ್ರದ ಹುಡುಗಿ ಬೇಡ, ಮಾವನಿಗೆ ಆಗಿಬರಲ್ಲ ಅಂತ ಈಗಲೂ ಜಾತಕ ವಾಪಸ್ ಕಳಿಸುವವರು ನಮ್ಮಲ್ಲೂ ಇದ್ದಾರಲ್ಲ.

ನೀವು ನೋಡಿದ ಬಿಳಿ ಚಾಪೆಲ್ ಬಂದದ್ದು ತುಂಬಾ ಆಮೇಲೆ. ಮೊದಲಿದ್ದ ಚಾಪೆಲ್ ಶಿಥಿಲವಾಗಿತ್ತು. ಸಿಸ್ಟರ್‌ಗಳು ಹಣ ಕೂಡಿಸಿದರು, ಫಾದರ್ ಚಾರ್ಲ್ಸ್ ಬೆನೆಡಿಕ್ಟ್ ನೈನ್ ನಕ್ಷೆ ಮಾಡಿದರು. 1904ರಲ್ಲಿ ಗೋಥಿಕ್ ಶೈಲಿಯ ಈ ಕಟ್ಟಡ ಪ್ರಾರ್ಥನೆಗೆ ತೆರೆಯಿತು. ಬಣ್ಣದ ಗಾಜಿನ ಕಿಟಕಿಗಳು ಬೆಲ್ಜಿಯಂನವು. ಆದರೆ ನೀವು ಕಂಬಗಳ ತುದಿ ನೋಡಿ. ಚಾಪೆಲ್ಲಿನಲ್ಲಿ, ಹೊರಗಿನ ಮೊಗಸಾಲೆಯಲ್ಲಿ ಒಟ್ಟು 648 ಕಂಬಗಳ ತಲೆಗಟ್ಟುಗಳಿವೆ. ಪ್ರತಿಯೊಂದರ ಮೇಲೂ ಎಲೆ, ಬಳ್ಳಿ, ಹಕ್ಕಿಗಳ ಕೆತ್ತನೆ. ಒಂದಿದ್ದಂತೆ ಇನ್ನೊಂದಿಲ್ಲ. ಯುರೋಪಿನ ಶೈಲಿಯ ಕಟ್ಟಡದಲ್ಲಿ ಬಿಸಿಲ ನಾಡಿನ ಗಿಡಮರ! ಬೇಲೂರಿನಲ್ಲಿ ಕಂಬದಿಂದ ಕಂಬಕ್ಕೆ ಕತ್ತೆತ್ತಿ ನೋಡ್ತಾ ಹೋಗ್ತೀವಲ್ಲ, ಇಲ್ಲೂ ಹಾಗೇ ನೋಡಬೇಕು.

ಮುಂದಿನ ಕತೆ ಬೇಗ ಹೇಳಬಹುದು. ಶಾಲೆ ಬೆಳೆಯಿತು. 1933ರಲ್ಲಿ ಇದೇ ಆವರಣದಲ್ಲಿ ಸೇಂಟ್ ನಿಕೊಲಸ್ ಹೆಣ್ಣುಮಕ್ಕಳ ಶಾಲೆ ಹುಟ್ಟಿತು. ಊರಿನ ನಡುಮಧ್ಯದ ಈ ಜಾಗವನ್ನು ಸರ್ಕಾರ ವಶಕ್ಕೆ ತಗೊಂಡಿತು. 1983ರಲ್ಲಿ ಕಾನ್ವೆಂಟ್ ಶಾಲೆ ಟೋವಾ ಪಾಯೋ ಬಡಾವಣೆಗೆ ಹೋಯಿತು. ಚಾಪೆಲ್ಲಿನಲ್ಲಿ ಕೊನೆಯ ಬಲಿಪೂಜೆ (ಕ್ಯಾಥೊಲಿಕರ ಮಾಸ್ ಪ್ರಾರ್ಥನೆ) ನಡೆದದ್ದು ಅದೇ ವರ್ಷದ ನವೆಂಬರ್ 3ಕ್ಕೆ. ಹಾಗಾಗಿ ನೀವು ನೋಡಿದ್ದು ಈಗ ಚರ್ಚ್ ಅಲ್ಲ, ಬಾಡಿಗೆಗೆ ಸಿಗುವ ಹಾಲ್. 1990ರಲ್ಲಿ ಕಾಲ್ಡ್‌ವೆಲ್ ಹೌಸ್ ಮತ್ತು ಚಾಪೆಲ್ಲನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು. ವರ್ಷಗಟ್ಟಲೆ ರಿಪೇರಿ ನಡೆದು, ಅಂಗಳವನ್ನು ತಗ್ಗಿಸಿ ಅಂಗಡಿ ಹೋಟೆಲ್‌ಗಳಿಗೆ ಜಾಗ ಮಾಡಿ, 1996ರಲ್ಲಿ ಚೈಮ್ಸ್ ತೆರೆದರು.

ಅನಾಥ ಮಕ್ಕಳು ಆಡಿದ ಅಂಗಳದಲ್ಲಿ ಈಗ ಬಿಯರ್ ಹಂಚುತ್ತಾರೆ. ನನಗೆ ಅದನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಕೆಡವದೆ ಉಳಿಸಿದ್ದಕ್ಕೆ ಕೃತಜ್ಞತೆ ಇದೆ, ಆದರೆ ಕಸಿವಿಸಿ ಹೋಗಿಲ್ಲ.

ಮದರ್ ಮತಿಲ್ಡ್ ಸಿಂಗಪುರದಲ್ಲೇ ನಿಲ್ಲಲಿಲ್ಲ. 1872ರಲ್ಲಿ ಜಪಾನಿಗೆ ಹೋದರು, ಅಲ್ಲೂ ಅದೇ ಕೆಲಸ ಹಿಡಿದರು, 1911ರಲ್ಲಿ ಅಲ್ಲೇ ತೀರಿಕೊಂಡರು. ಅಷ್ಟು ಹೊತ್ತಿಗೆ ಅವರ ವಯಸ್ಸು ತೊಂಬತ್ತು ದಾಟಿತ್ತು.

ಇನ್ನೊಮ್ಮೆ ಸಿಂಗಪುರಕ್ಕೆ ಹೋದರೆ ಸಂಜೆ ದೀಪ ಹಚ್ಚುವ ಮೊದಲೇ ಹೋಗಿ. ಹೋಟೆಲ್‌ಗಳ ಕಡೆಯಿಂದ ಒಳಗೆ ನುಗ್ಗಬೇಡಿ. ವಿಕ್ಟೋರಿಯಾ ಸ್ಟ್ರೀಟ್ ಕಡೆ ಬಂದು, ಮೊದಲು ಆ ಪುಟ್ಟ ಬಾಗಿಲ ಮುಂದೆ ಸುಮ್ನೆ ಒಂದು ನಿಮಿಷ ನಿಲ್ಲಿ.