ಬೋಲ್ಟು ತಿರುಗಿತು, ಆದರೆ ಕೂತಿತಾ?

ಶಿರಸಿ ಪೇಟೆಯ ಆಟೊಮೊಬೈಲ್ ಅಂಗಡಿಗೆ ಹೋಗಿ 'ಅರ್ಧ ಇಂಚಿನ ಬೋಲ್ಟ್ ಕೊಡಿ' ಎಂದರೆ ಅನುಭವ ಇರುವ ಅಂಗಡಿಯವರು ಸುಮ್ನೆ ಎತ್ತಿ ಕೊಡುವುದಿಲ್ಲ. 'ಯಾವ ಟ್ರ್ಯಾಕ್ಟರಿಗೆ ಭಟ್ರೇ? ಎಲ್ಲಿ ಹಾಕೂದು?' ಎಂದು ಕೇಳುತ್ತಾರೆ. ತಲೆಹರಟೆ ಅಲ್ಲ ಅದು. ಅರ್ಧ ಇಂಚಿನ ಬೋಲ್ಟಿನಲ್ಲೇ ಕಡಿಮೆ ಅಂದರೂ ಮೂರು ಜಾತಿ ಇವೆ. ಒಂದರ ನಟ್ಟು ಇನ್ನೊಂದಕ್ಕೆ ಆಗುವುದಿಲ್ಲ. ಒಳಗೇ ಹೋಗದೇ ಇದ್ದರೆ ತೊಂದರೆ ಇರಲಿಲ್ಲ. ಎರಡು ಮೂರು ಸುತ್ತು ಹೋಗುತ್ತದಲ್ಲ, ತೊಂದರೆ ಶುರುವಾಗುವುದು ಅಲ್ಲೇ.

ಬೋಲ್ಟಿನ ಥ್ರೆಡ್ಡು ಅಂದರೆ ಸರಳಿಗೆ ಸುತ್ತಿದ ಒಂದು ಏರು. ದೇವಿಮನೆ ಘಟ್ಟದ ರಸ್ತೆ ತಿರುವು ತಿರುವಾಗಿ ಹತ್ತುವ ಹಾಗೆ ನಟ್ಟು ಆ ಏರನ್ನು ಹತ್ತುತ್ತದೆ. ಒಂದು ಸುತ್ತಿಗೆ ಎಷ್ಟು ಮೇಲೆ ಹೋಯಿತೋ ಅದೇ ಪಿಚ್. ಇಂಚಿನ ಲೆಕ್ಕದಲ್ಲಿ ಒಂದು ಇಂಚಿಗೆ ಎಷ್ಟು ಥ್ರೆಡ್ಡು ಎಂದು ಎಣಿಸುತ್ತಾರೆ. ಮೆಟ್ರಿಕ್ಕಿನಲ್ಲಿ ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಎಷ್ಟು ಮಿಲಿಮೀಟರ್ ಎಂದು ಹೇಳುತ್ತಾರೆ.

1841ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಒಂದೊಂದು ವರ್ಕ್‌ಶಾಪಿಗೆ ಒಂದೊಂದು ಥ್ರೆಡ್ಡು. ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್ ಬೇರೆ ಬೇರೆ ಕಡೆಯ ಬೋಲ್ಟುಗಳನ್ನು ತರಿಸಿ, ಅಳೆದು, ಸರಾಸರಿ ತೆಗೆದು ಒಂದು ಅಳತೆ ಗೊತ್ತುಮಾಡಿದ. ಥ್ರೆಡ್ಡಿನ ಕೋನ, ಅಂದರೆ ಎರಡು ಥ್ರೆಡ್ಡಿನ ನಡುವಿನ ವಿ ಆಕಾರದ ಕೋನ, 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್, ಕಡೆಯಲು ಸುಲಭವಾಗಲಿ ಎಂದು 60 ಡಿಗ್ರಿ ಇಟ್ಟುಕೊಂಡ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ನಟ್ಟು ಅಮೆರಿಕದವರ ಬೋಲ್ಟಿಗೆ ಕೂರದೆ ಫಜೀತಿಯಾಯಿತು. ಯುದ್ಧ ಮುಗಿದ ಮೇಲೆ, 1948ರಲ್ಲಿ, ಅಮೆರಿಕ, ಬ್ರಿಟನ್, ಕೆನಡಾ ಮೂರೂ 60 ಡಿಗ್ರಿಯ ಒಂದೇ ಅಳತೆಗೆ ಒಪ್ಪಿದವು. ಅದರಲ್ಲಿ ಪಿಚ್ ದೊಡ್ಡದಿರುವ ಒರಟು ಥ್ರೆಡ್ಡು ಯುಎನ್‌ಸಿ, ಪಿಚ್ ಸಣ್ಣದಿರುವ ನಯ ಥ್ರೆಡ್ಡು ಯುಎನ್‌ಎಫ್. ಯುರೋಪಿನ ಬೇರೆ ದೇಶಗಳು ತಮ್ಮ ಪಾಡಿಗೆ ಮೆಟ್ರಿಕ್ಕಿನಲ್ಲಿದ್ದವು.

ಇದಕ್ಕೂ ಬನವಾಸಿ ಗದ್ದೆ ಹೂಡುವ ಟ್ರ್ಯಾಕ್ಟರಿಗೂ ಏನು ಸಂಬಂಧ? ನಮ್ಮ ಹಳೆಯ ಟ್ರ್ಯಾಕ್ಟರುಗಳ ಮೂಲ ಹೊರಗಿನದು. ಟಾಫೆ 1960ರಲ್ಲಿ ಮ್ಯಾಸಿ ಫರ್ಗ್ಯುಸನ್ ಜೊತೆ ಶುರುವಾಯಿತು. ಮಹೀಂದ್ರ 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಕೈಜೋಡಿಸಿ ಬ್ರಿಟಿಷ್ ವಿನ್ಯಾಸದ ಬಿ-275 ತಂದಿತು. ದೇಶ ಮೆಟ್ರಿಕ್ಕಿಗೆ ಬದಲಾದರೂ ಇವುಗಳ ಬೋಲ್ಟು ಬಹುಪಾಲು ಇಂಚಿನಲ್ಲೇ ಉಳಿಯಿತು. ಜರ್ಮನ್ ಮೂಲದ ಐಶರ್, ಜೆಕ್ ಮೂಲದ ಎಚ್‌ಎಂಟಿ ಜೆಟರ್ ಮೆಟ್ರಿಕ್ ಮನೆತನದವು. ಇದರ ಮೇಲೆ, ನಲವತ್ತು ವರ್ಷದ ರಿಪೇರಿಯಲ್ಲಿ ಯಾರ್ಯಾರೋ ಏನೇನೋ ಬೋಲ್ಟು ತುರುಕಿರುತ್ತಾರೆ. ಹಾಗಾಗಿ ಕಂಪನಿ ಹೆಸರು ದಾರಿ ತೋರಿಸುತ್ತದೆ ಅಷ್ಟೇ. ಬೋಲ್ಟನ್ನು ಅಳೆಯಲೇಬೇಕು.

ಮೋಸ ಹೋಗುವುದು ಸ್ಪ್ಯಾನರಿನಿಂದ. ಯುಎನ್‌ಸಿ ಅರ್ಧ ಇಂಚಿನ ಬೋಲ್ಟಿನ ತಲೆ ಮುಕ್ಕಾಲು ಇಂಚು, ಅಂದರೆ 19.05 ಮಿ.ಮೀ. ನಮ್ಮ ಹತ್ತೊಂಬತ್ತರ ಸ್ಪ್ಯಾನರ್ ಅದಕ್ಕೆ ಚೆನ್ನಾಗಿಯೇ ಕೂರುತ್ತದೆ. 12 ಮಿ.ಮೀ. ಬೋಲ್ಟಿನ ತಲೆಯೂ ಸಾಮಾನ್ಯವಾಗಿ 19. 'ಹತ್ತೊಂಬತ್ತರ ಸ್ಪ್ಯಾನರ್ ಹಿಡೀತು, ಅಂದ್ಮೇಲೆ ಹನ್ನೆರಡರ ಬೋಲ್ಟು' ಎಂದು ಅಂಗಡಿಗೆ ಓಡಿದರೆ ಕೆಟ್ಟಿತು. ಅರ್ಧ ಇಂಚು ಅಂದರೆ 12.7 ಮಿ.ಮೀ., ಪಿಚ್ 1.95. ಹನ್ನೆರಡರ ಬೋಲ್ಟಿನ ಪಿಚ್ 1.75. ಸಣ್ಣ ಬೋಲ್ಟು ದೊಡ್ಡ ತೂತಿನಲ್ಲಿ ಸಡಿಲವಾಗಿ ಹೋಗಿ ಎಲ್ಲೋ ಕಚ್ಚಿಕೊಳ್ಳುತ್ತದೆ. ಬಿಗಿಯಾಯಿತು ಅನ್ನಿಸುತ್ತದೆ.

ಇನ್ನೊಂದು ಮೋಸ ಹಾರ್ಡ್‌ವೇರ್ ಅಂಗಡಿಯದು. ಗೇಟಿಗೆ, ಶೀಟಿಗೆ ಹಾಕುವ ಇಂಚಿನ ಬೋಲ್ಟು ಇವತ್ತಿಗೂ ಎಷ್ಟೋ ಕಡೆ ವಿಟ್‌ವರ್ತ್ ಥ್ರೆಡ್ಡಿನದು. ಅರ್ಧ ಇಂಚಿನದಕ್ಕೆ ಇಂಚಿಗೆ 12 ಥ್ರೆಡ್ಡು, ಯುಎನ್‌ಸಿಗೆ 13. ಹೋಗಿ ನಡುವೆ ನಿಂತುಬಿಡುತ್ತದೆ. ಪುಣ್ಯ, ಗೊತ್ತಾಗುತ್ತದೆ. 3/8 ಇಂಚಿನಲ್ಲಾದರೆ ಎರಡಕ್ಕೂ 16 ಥ್ರೆಡ್ಡು, ಕೋನ ಮಾತ್ರ ಬೇರೆ. ನಟ್ಟು ಕೊನೆ ತನಕ ಹೋಗುತ್ತದೆ, ಆದರೆ ಲೋಹ ಪೂರ್ತಿ ಲೋಹಕ್ಕೆ ತಾಗಿರುವುದಿಲ್ಲ.

ಅದರಿಂದ ಏನಾಗುತ್ತದೆ? ಬೋಲ್ಟು ನಿಜಕ್ಕೂ ಒಂದು ಗಟ್ಟಿ ಸ್ಪ್ರಿಂಗು. ಬಿಗಿ ಮಾಡಿದಾಗ 50 ಮಿ.ಮೀ. ಬೋಲ್ಟು ಹೆಚ್ಚುಕಡಿಮೆ 0.1 ಮಿ.ಮೀ. ಹಿಗ್ಗುತ್ತದೆ. ಹಿಗ್ಗಿದ್ದು ಕುಗ್ಗಲು ನೋಡುವುದರಿಂದಲೇ ಎರಡು ಭಾಗ ಒತ್ತಿ ಹಿಡಿದಿರುತ್ತವೆ. ಸರಿಯಾದ ನಟ್ಟಿನಲ್ಲೂ ಮೊದಲನೇ ಥ್ರೆಡ್ಡೇ ಭಾರದ ಸುಮಾರು ಮೂರನೇ ಒಂದು ಪಾಲು ಹೊರುತ್ತದೆ. ಪಿಚ್ ಹೊಂದದಿದ್ದರೆ ಒಂದೆರಡು ಥ್ರೆಡ್ಡಿನ ತಲೆಗೇ ಎಲ್ಲ ಭಾರ. ಲೋಡ್ ಟ್ರೇಲರ್ ಎಳೆದುಕೊಂಡು ಏರು ಹತ್ತುವಾಗ ಅದು ಉದುರುತ್ತದೆ.

ಅಳೆಯುವುದು ಕಷ್ಟ ಇಲ್ಲ. ಬೋಲ್ಟನ್ನು ಡೀಸೆಲ್‌ನಲ್ಲಿ ನೆನೆಸಿ, ತಂತಿ ಬ್ರಷ್ಷಿನಿಂದ ಥ್ರೆಡ್ಡಿನ ತಳ ಹೊಳೆಯುವ ತನಕ ಉಜ್ಜಿ. ಸವೆಯದ ಕಡೆ ವರ್ನಿಯರ್ ಹಿಡಿಯಿರಿ. 12.6 ಬಂದರೆ ಅರ್ಧ ಇಂಚು, 11.8 ಬಂದರೆ ಹನ್ನೆರಡು. ಅಳತೆ ಯಾವಾಗಲೂ ಹೆಸರಿಗಿಂತ ಒಂದು ಕೂದಲು ಕಡಿಮೆಯೇ. ಆದರೆ 5/16 ಇಂಚು 7.94, ಮೆಟ್ರಿಕ್ಕಿನದು 8. ಅಲ್ಲಿ ವರ್ನಿಯರ್ ಕೈಕೊಡುತ್ತದೆ, ಥ್ರೆಡ್ಡಿಗೆ ಕೂರಿಸಿ ಪಿಚ್ ನೋಡುವ ಹಲ್ಲಿನ ಪಟ್ಟಿ, ಥ್ರೆಡ್ ಗೇಜ್, ಬೇಕು. ಗೇಜ್ ಇಲ್ಲವಾ? ಗುರುತು ಗೊತ್ತಿರುವ ಹೊಸ ಬೋಲ್ಟನ್ನು ಹಳೆಯದರ ಪಕ್ಕಕ್ಕೆ ಒತ್ತಿ, ಥ್ರೆಡ್ಡಿಗೆ ಥ್ರೆಡ್ಡು ಕೂರಿಸಿ, ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಅದಲ್ಲ. ಸ್ಟಡ್ (ತಲೆ ಇಲ್ಲದೆ ಎರಡೂ ತುದಿಗೆ ಥ್ರೆಡ್ಡು ಇರುವ ಸರಳು) ಆದರೆ ಎರಡೂ ತುದಿ ನೋಡಿ. ಬೀಡುಕಬ್ಬಿಣಕ್ಕೆ ಹೋಗುವ ತುದಿ ಒರಟು, ನಟ್ಟಿನ ತುದಿ ನಯ ಇರುವುದು ಹಳೆಯ ಎಂಜಿನ್ನುಗಳಲ್ಲಿ ಮಾಮೂಲು. ಬೀಡುಕಬ್ಬಿಣದಲ್ಲಿ ನಯ ಥ್ರೆಡ್ಡು ಬೇಗ ಪುಡಿಯಾಗುತ್ತದೆ.

ತಲೆಯ ಮೇಲಿನ ಗುರುತನ್ನೂ ಓದಿಕೊಳ್ಳಿ. 8.8 ಎಂದರೆ ಚದರ ಮಿಲಿಮೀಟರಿಗೆ 800 ನ್ಯೂಟನ್ ತನಕ ತುಂಡಾಗದು, ಅದರ ಶೇ. 80ರ ತನಕ ಶಾಶ್ವತವಾಗಿ ಹಿಗ್ಗದು ಎಂದು ಅರ್ಥ. ಅಂಥ 12 ಮಿ.ಮೀ. ಬೋಲ್ಟು ತುಂಡಾಗಲು ಸುಮಾರು 6.9 ಟನ್ ಎಳೆತ ಬೇಕು. ಗೇಟಿನ 4.6 ಬೋಲ್ಟಿಗೆ 3.4 ಟನ್ ಸಾಕು. ಇಂಚಿನ ಬೋಲ್ಟಿನಲ್ಲಿ ಅಂಕಿ ಬದಲು ಗೆರೆ ಇರುತ್ತವೆ. ಮೂರು ಗೆರೆ ಹೆಚ್ಚುಕಡಿಮೆ 8.8ಕ್ಕೆ ಸಮ, ಆರು ಗೆರೆ 10.9ಕ್ಕೆ ಸಮ.

ಕಾರವಾರ, ಅಂಕೋಲಾ ಕಡೆ ಇನ್ನೊಂದು ಕಿರಿಕಿರಿ ಉಪ್ಪುಗಾಳಿ. ತುಕ್ಕು ತಾನು ತಿಂದ ಕಬ್ಬಿಣದ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ. ಹಾಗಾಗಿ ನಟ್ಟು ಜಾಮ್. ಗ್ಯಾಸ್ ಬೆಂಕಿ ಹಿಡಿದು ನಟ್ಟನ್ನು 300 ಡಿಗ್ರಿ ಬಿಸಿ ಮಾಡಿದರೆ ಅರ್ಧ ಇಂಚಿನ ತೂತು ಹಿಗ್ಗುವುದು 0.05 ಮಿ.ಮೀ. ಕೂಡ ಇಲ್ಲ. ತುಕ್ಕಿನ ಪದರ ಬಿರಿಯಲು ಅಷ್ಟು ಸಾಕು. ಹತ್ತಿರ ಡೀಸೆಲ್ ಪೈಪ್ ಇದ್ದರೆ ಮಾತ್ರ ಬೆಂಕಿಯ ಸಹವಾಸ ಬೇಡ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳಿಗೆ ಹಾಕುವ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟು ಸುಲಭಕ್ಕೆ ತುಕ್ಕು ಹಿಡಿಯದು, ನಿಜ. ಆದರೆ ಸಾಮಾನ್ಯ ಸ್ಟೇನ್‌ಲೆಸ್ ಬೋಲ್ಟು 8.8ರಷ್ಟು ಗಟ್ಟಿ ಅಲ್ಲ. ಗ್ರೀಸ್ ಹಚ್ಚದೆ ಬಿಗಿ ಮಾಡಿದರೆ ಥ್ರೆಡ್ಡು ಥ್ರೆಡ್ಡಿಗೇ ಅಂಟಿಕೊಳ್ಳುತ್ತದೆ. ಮಡ್‌ಗಾರ್ಡಿಗೆ ಹಾಕಿ, ಚಕ್ರಕ್ಕೆ ಬೇಡ.

ಹಾಗಂತ ಎಲ್ಲ ಕಡೆ ಎಚ್‌ಟಿ (ಹೈ ಟೆನ್ಸೈಲ್, ಅಂದರೆ 8.8, 10.9ರಂಥ ಗಟ್ಟಿ) ಬೋಲ್ಟು ಹಾಕುವುದೂ ತಪ್ಪು. ಕೆಲವು ರೋಟಾವೇಟರ್‌ಗಳಿಗೆ ಟ್ರ್ಯಾಕ್ಟರಿನ ಶಕ್ತಿ ಕೊಡುವ ಪಿಟಿಒ ಶಾಫ್ಟಿನಲ್ಲಿ ಒಂದು ಶಿಯರ್ ಬೋಲ್ಟ್ ಇರುತ್ತದೆ. ಬ್ಲೇಡು ಚಿರೆಕಲ್ಲಿಗೋ ಬೇರಿಗೋ ಸಿಕ್ಕಿಬಿದ್ದಾಗ ತುಂಡಾಗಲಿ ಎಂದೇ ಅದನ್ನು ಮೆತ್ತಗೆ ಮಾಡಿರುತ್ತಾರೆ. 'ಪದೇ ಪದೇ ತುಂಡಾಗ್ತದೆ' ಎಂದು ಬೇಸತ್ತು 10.9 ಬೋಲ್ಟು ಹಾಕಿದವರ ಗೇರ್‌ಬಾಕ್ಸಿನ ಹಲ್ಲು ಮುರಿಯುತ್ತದೆ. ಆ ಜಾಗಕ್ಕೆ ಕೈಪಿಡಿಯಲ್ಲಿ ಹೇಳಿದ ಗ್ರೇಡಿನದೇ ಬೇಕು. ಅಗ್ಗದ ಮಾಲು. ನಾಲ್ಕು ಜಾಸ್ತಿ ತಂದು ಟೂಲ್‌ಬಾಕ್ಸಿನಲ್ಲಿ ಬೇರೆ ಡಬ್ಬಿಯಲ್ಲಿ ಇಡಿ. ಎಚ್‌ಟಿ ಬೋಲ್ಟಿನ ಜೊತೆ ಕಲಸಿಹೋಗಬಾರದು.